ಬೋನ್ ಸ್ಕ್ಯಾನ್‌ನಲ್ಲಿ ಥೈರಾಯ್ಡ್ ಯಾಕೆ ಕಾಣುತ್ತದೆ?

ಪ್ರಶ್ನೆ: ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್ ತರಬೇತಿಯಲ್ಲಿದ್ದೇನೆ. ಬೋನ್ ಸ್ಕ್ಯಾನ್‌ನಲ್ಲಿ ಎಲುಬಿನ ಜತೆ ಥೈರಾಯ್ಡ್, ಜಠರವೂ ಕಂಡವು. ತಪ್ಪು ಎಲ್ಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲ ಅನುಮಾನ ಎಂಡಿಪಿ (ಎಲುಬಿಗೆ ಹೋಗಿ ಸೇರುವ ಔಷಧ) ಶೀಶೆಯ ಮೇಲೇ ಇರಲಿ. ಅದರೊಳಗೆ ಗಾಳಿ ಹೊಕ್ಕರೆ, ಟೆಕ್ನೀಷಿಯಂ ಎಂಡಿಪಿಗೆ ಅಂಟಲು ಬೇಕಾದ ತವರದ ಲವಣ ಕೆಡುತ್ತದೆ. ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಎಂಡಿಪಿಗೆ ಅಂಟದೆ ಪರ್ಟೆಕ್ನೆಟೇಟ್ (ಅದರ ಬಿಡಿ ರೂಪ) ಆಗಿಯೇ ಉಳಿದು ಥೈರಾಯ್ಡ್, ಜೊಲ್ಲುಗ್ರಂಥಿ, ಜಠರ ಸೇರುತ್ತದೆ. ಶೀಶೆಗೆ ದ್ರವ ಹಾಕಿದಷ್ಟೇ ಒಳಗಿನ ಅನಿಲವನ್ನು ಅದೇ ಸಿರಿಂಜಿನಿಂದ ಹಿಂದಕ್ಕೆ ಎಳೆಯಿರಿ, ಹೊರಗಿನ ಗಾಳಿ ತಳ್ಳಲೇಬೇಡಿ. ಇಂಜೆಕ್ಷನ್‌ಗೆ ಮೊದಲು ಕಾಗದದ ಪಟ್ಟಿಯ ಪರೀಕ್ಷೆ ಬಿಡಬೇಡಿ: ಅಸಿಟೋನ್‌ನಲ್ಲಿ ಪರ್ಟೆಕ್ನೆಟೇಟ್ ತುದಿಗೆ ಏರುತ್ತದೆ, ಎಂಡಿಪಿ ಬುಡದಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು. ಸ್ಕ್ಯಾನ್‌ಗೆ ಮೊದಲಿನ 2–3 ತಾಸು ನೀರು ಕುಡಿಸಿ, ಮೂತ್ರ ಮಾಡಿಸಿ. ದೋತರಕ್ಕೆ ಬಿದ್ದ ಒಂದೇ ಹನಿ ಮೂತ್ರ ತೊಡೆ ಎಲುಬಿನ ರೋಗದಂತೆ ಕಂಡೀತು. ಬಟ್ಟೆ ಬದಲಿಸಿ, ಚರ್ಮ ಒರೆಸಿ, ಆ ಭಾಗದ ಚಿತ್ರ ಮತ್ತೆ ತೆಗೆಯಿರಿ.