ಓಟಕ್ಕೆ ಮನೆಯವರನ್ನು ಬರಬೇಡಿ ಅನ್ನಲಾ?

ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ನಡೆದ ಬಾಂಬ್ ದಾಳಿಯ ವಿಡಿಯೊ ನೋಡಿ ಭಯ ಹತ್ತಿದೆ, ಓಟಗಾರರು ಇದನ್ನೆಲ್ಲ ಹೇಗೆ ಮರೆತರು, ನನ್ನ ಮೊದಲ ಓಟಕ್ಕೆ ಮನೆಯವರನ್ನು ಬರಬೇಡಿ ಅನ್ನಲಾ ಅಂತ ಕೇಳಿದ್ದೀರಿ. ಅನ್ನಬೇಡಿ. ನಾನು ಅಂದಿದ್ದೆ.

2013ರ ಏಪ್ರಿಲ್ 15ರಂದು ಬಾಸ್ಟನ್‌ನಲ್ಲಿ ಬಾಂಬ್ ಸಿಡಿದಾಗ ನಮಗಿಲ್ಲಿ ನಡುರಾತ್ರಿ ದಾಟಿತ್ತು. ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋದರೆ ನಮ್ಮ ಗುಂಪಿನವರೆಲ್ಲ ಫೋನ್ ಹಿಡಿದುಕೊಂಡು ಸುಮ್ನೆ ನಿಂತಿದ್ದರು. ಮರುದಿನ, 17ರಂದು, ಮಲ್ಲೇಶ್ವರದ ಬಿಜೆಪಿ ಕಚೇರಿ ಹತ್ತಿರ ಬೈಕಿನಲ್ಲಿಟ್ಟಿದ್ದ ಬಾಂಬ್ ಸಿಡಿಯಿತು. ನಮ್ಮ ಮನೆ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಮೇ ತಿಂಗಳಲ್ಲಿ ನನ್ನ 10ಕೆ (ಹತ್ತು ಕಿ.ಮೀ.) ಓಟವಿತ್ತು.

ನಾನು ಎಲ್ಲಿ ಓಡಿದರೂ ಅಪ್ಪ ಬರುತ್ತಿದ್ದರು. ಬಟ್ಟೆ ಚೀಲದಲ್ಲಿ ನನ್ನ ಚಪ್ಪಲಿ, ಒಂದು ಟವೆಲ್, ಸ್ಟೀಲ್ ಫ್ಲಾಸ್ಕಿನಲ್ಲಿ ಕಾಫಿ. ಓಟ ಮುಗಿದ ತಕ್ಷಣ ಶೂ ಬಿಚ್ಚಿಸಿ, ಬೆರಳಿಗೆ ಬೊಬ್ಬೆ ಬಂದಿದೆಯಾ ಅಂತ ಬಗ್ಗಿ ನೋಡುತ್ತಿದ್ದರು. ಆ ಸಲ "ಅಪ್ಪ, ನೀವು ಬರಬೇಡಿ, ಜನ ಜಾಸ್ತಿ ಇರ್ತಾರೆ" ಅಂದೆ. "ಸರಿ ಬಿಡಪ್ಪ" ಅಂದರು. ಅಷ್ಟೇ ಮಾತು.

ನಾನು ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳಬೇಕು. ಭಯ ಇದ್ದದ್ದು ನನಗೆ. ಅದನ್ನು ಅವರಿಗೆ ಹೇಳಲಿಲ್ಲ, ಜನಜಂಗುಳಿಯ ನೆಪ ಕೊಟ್ಟೆ. ಅವರಿಗೂ ಹೆದರಿಕೆ ಇದೆಯಾ ಅಂತ ಕೇಳಲಿಲ್ಲ. ಬಂದರೆ ಎಲ್ಲಿ ನಿಲ್ಲುವುದು ಅಂತ ಇಬ್ಬರೂ ಕೂತು ಮಾತಾಡಬಹುದಿತ್ತು, ಅದನ್ನೂ ಮಾಡಲಿಲ್ಲ. ವಯಸ್ಸಾದ ತನ್ನಿಂದ ಮಗನಿಗೆ ತೊಂದರೆ ಅಂತ ಅವರು ಅಂದುಕೊಂಡರು. ಮುಂದಿನ ವರ್ಷ ಕರೆದರೆ "ನೀನು ಓಡಿ ಬಾ, ನಾನು ಪೇಪರ್ ಓದ್ತಾ ಇರ್ತೀನಿ" ಅಂದರು. ಆಮೇಲೆ ಎಷ್ಟು ಕರೆದರೂ ಬರಲೇ ಇಲ್ಲ.

ಬಾಸ್ಟನ್‌ನಲ್ಲಿ ಆ ಎರಡು ಬಾಂಬಿಗೆ ಸತ್ತ ಮೂವರೂ ಓಟ ನೋಡಲು ನಿಂತಿದ್ದವರು. ಅದರಲ್ಲಿ ಒಬ್ಬ ಎಂಟು ವರ್ಷದ ಹುಡುಗ. ಗಾಯಗೊಂಡವರು 260ಕ್ಕೂ ಹೆಚ್ಚು. ಹಾಗಂತ ಮರುವರ್ಷ ರಸ್ತೆ ಬದಿ ಖಾಲಿ ಇರಲಿಲ್ಲ, ಜನ ಕಿಕ್ಕಿರಿದು ನಿಂತರು. ಅರ್ಧಕ್ಕಿಂತ ಹೆಚ್ಚು ದೂರ ಓಡಿ ನಿಲ್ಲಬೇಕಾಗಿ ಬಂದವರಿಗೆ ಮತ್ತೆ ಓಡಲು ಜಾಗ ಕೊಟ್ಟರು. ಸುಮಾರು 36,000 ಜನ ಹೆಸರು ಕೊಟ್ಟರು. ಪುರುಷರಲ್ಲಿ ಗೆದ್ದ ಅಮೆರಿಕದ ಮೆಬ್ ಕೆಫ್ಲೆಜಿಗಿ ಎದೆ ಮೇಲಿನ ನಂಬರ್ ಚೀಟಿಯ, ಅಂದರೆ ತನ್ನ ಬಿಬ್‌ನ ಮೂಲೆಗಳಲ್ಲಿ ಸತ್ತವರ ಹೆಸರನ್ನು ಮಾರ್ಕರ್‌ನಿಂದ ಬರೆದುಕೊಂಡು ಓಡಿದ. ಇದನ್ನು ಮರೆಯುವುದು ಅಂತಾರಾ? ಅವರು ಯಾರೂ ಮರೆಯಲಿಲ್ಲ. ನೀವೂ ಮರೆಯಬೇಕಾಗಿಲ್ಲ.

ಅದು ಅಮೆರಿಕದ ಮಾತು ಅನ್ನುವವರಿಗೆ ಒಂದು ನೆನಪು. 2008ರ ಏಪ್ರಿಲ್‌ನಲ್ಲಿ ಶ್ರೀಲಂಕಾದ ವೆಲಿವೇರಿಯಾದಲ್ಲಿ ಮ್ಯಾರಥಾನ್ ಶುರುವಾಗುವ ಜಾಗದಲ್ಲೇ ಬಾಂಬ್ ಸಿಡಿಯಿತು. ಒಬ್ಬ ಮಂತ್ರಿ ಸತ್ತರು, ಒಲಿಂಪಿಕ್ಸ್‌ನಲ್ಲಿ ಓಡಿದ್ದ ಕೆ.ಎ. ಕರುಣಾರತ್ನ ಕೂಡ ತೀರಿಕೊಂಡರು. ನಮ್ಮ ಪಕ್ಕದ ದೇಶ. ಅಲ್ಲೂ ಜನ ಓಡುವುದು ಬಿಡಲಿಲ್ಲ.

ನೀವು ಆ ವಿಡಿಯೊ ನೋಡುವುದನ್ನು ಮೊದಲು ನಿಲ್ಲಿಸಿ. ಒಬ್ಬರೇ ಓಡಬೇಡಿ, ಗುಂಪಿನಲ್ಲಿ ಓಡಿ, ಭಯ ಇದ್ದರೆ ಅಲ್ಲೇ ಬಾಯಿಬಿಟ್ಟು ಹೇಳಿ. ಅದೇ ಭಯ ಇರುವವರು ಇನ್ನೂ ನಾಲ್ಕು ಜನ ಸಿಗ್ತಾರೆ. ಈ ವರ್ಷ ಓಡಲು ಆಗಲ್ಲ ಅನ್ನಿಸಿದರೆ ನೀರು ಕೊಡುವ ಕಡೆ ಸ್ವಯಂಸೇವಕರಾಗಿ ನಿಲ್ಲಿ, ಅದಕ್ಕೆ ನಾಚಿಕೆ ಬೇಡ. ಮನೆಯವರಿಗೆ ನಿಮ್ಮ ಭಯ ಇದ್ದದ್ದು ಇದ್ದ ಹಾಗೆ ಹೇಳಿ, ಬರುವುದು ಬಿಡುವುದು ಅವರೇ ತೀರ್ಮಾನ ಮಾಡಲಿ. ಬರುತ್ತೇವೆ ಅಂದರೆ ಸೇರುವ ಜಾಗವನ್ನು ಹಿಂದಿನ ದಿನವೇ ಹೇಳಿಡಿ. ಫಿನಿಷ್ ಲೈನ್‌ನಿಂದ ಸ್ವಲ್ಪ ದೂರದ ಮರವೋ ಬಸ್ ಸ್ಟಾಪೋ ಆದರೆ ಸಾಕು. ಜನ ಸೇರಿದ ಕಡೆ ಫೋನ್ ಸಿಗದಿದ್ದರೂ ಒಬ್ಬರಿಗೊಬ್ಬರು ಸಿಗ್ತೀರಿ.