ಕಿಸ್ಸಿಮ್ಮೀ ನದಿ ದಡದಲ್ಲಿ ಜಿಯೋಕ್ಯಾಶ್ ಡಬ್ಬಿ ಹೂತಿಡಬಹುದಾ?

ಇಲ್ಲ. ಜಿಯೋಕ್ಯಾಶಿಂಗ್ ಅಂದರೆ ಜಿಪಿಎಸ್ ಹಿಡಿದು, ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವ ಆಟ. ನೆಲ ಅಗೆಯಬಾರದು, ಜಾಗ ನೋಡಿಕೊಳ್ಳುವವರ ಒಪ್ಪಿಗೆ ಬೇಕು ಅಂತ ಆಟದ ನಿಯಮವೇ ಇದೆ.

ಫ್ಲೋರಿಡಾದ ಈ ನದಿಯಲ್ಲಂತೂ ಇನ್ನೂ ಜಾಸ್ತಿ ಎಚ್ಚರ ಬೇಕು. ಅಂಕುಡೊಂಕಾಗಿ 103 ಮೈಲಿ ಹರಿಯುತ್ತಿದ್ದ ನದಿಯನ್ನು 1962ರಿಂದ 1971ರೊಳಗೆ 56 ಮೈಲಿಯ ನೇರ ಕಾಲುವೆ ಮಾಡಿಬಿಟ್ಟರು. ಜೌಗು ಒಣಗಿತು, ಹಕ್ಕಿಗಳು ದೂರವಾದವು. ಆಮೇಲೆ ಕಾಲುವೆಯ ಒಂದಷ್ಟು ಭಾಗ ಮುಚ್ಚಿ ಹಳೇ ತಿರುವುಗಳಿಗೆ ನೀರು ಬಿಟ್ಟರು. ಆ ಕೆಲಸ ಮುಗಿದದ್ದು 2021ರಲ್ಲಿ. ಇಲ್ಲಿನ ನೀರು ಒಕೀಚೋಬಿ ಸರೋವರ ಸೇರುತ್ತದೆ. ದೂರದ ಎವರ್‌ಗ್ಲೇಡ್ಸ್ ಅನ್ನೋ ದೊಡ್ಡ ಜೌಗು ಪ್ರದೇಶಕ್ಕೂ ಇದೇ ಮೂಲ, ಅಲ್ವಾ!

ನನ್ನ ಸಲಹೆ ಅರ್ಥ್‌ಕ್ಯಾಶ್, ಅಂದರೆ ನೆಲದ ರಚನೆ ನೋಡಿ ಕಲಿಯುವ ಬಗೆಯ ಜಿಯೋಕ್ಯಾಶ್. ಅದರಲ್ಲಿ ಡಬ್ಬಿಯೇ ಇರುವುದಿಲ್ಲ. ಬಂದವರು ಮತ್ತೆ ಮೂಡಿದ ಮರಳು ದಿಬ್ಬ ನೋಡಿ, ನೀವು ಕೇಳಿದ ಪ್ರಶ್ನೆಗೆ ಉತ್ತರ ಕಳಿಸುತ್ತಾರೆ.