ಈಜು ಬರುವವರೂ ಕೃಷಿ ಹೊಂಡದಲ್ಲಿ ಮುಳುಗುವುದು ಯಾಕೆ?

ಕೋಲಾರದ ಕಡೆ ಎಲ್ಲಿ ನೋಡಿದರೂ ಕೃಷಿ ಹೊಂಡ. ಅಲ್ಲಿ ಆಳಕ್ಕಿಂತ ಜಾಸ್ತಿ ಅಪಾಯ ಇರುವುದು ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ. ದಡ ಇಳಿಜಾರು, ಹಾಳೆಯ ಮೇಲೆ ಪಾಚಿ. ಹಿಡಿದುಕೊಳ್ಳಲು ಒಂದು ಬೇರೂ ಸಿಗಲ್ಲ. ಎರಡು ಹೆಜ್ಜೆ ಹತ್ತಿದರೆ ಜಾರಿ ಮತ್ತೆ ನೀರಿಗೆ. ಹೀಗೇ ಸುಸ್ತಾಗಿ ಈಜು ಬಂದವರೂ ಮುಳುಗುತ್ತಾರೆ.

ಮುಳುಗುವವರು ಸಾಮಾನ್ಯವಾಗಿ ಕೂಗುವುದೂ ಇಲ್ಲ. ಉಸಿರಾಡಲಿಕ್ಕೇ ಆಗದಿದ್ದಾಗ ಕೂಗುವುದೆಲ್ಲಿ? ಬದುವಿನ ಮೇಲೆ ಕೂತವರಿಗೂ ಗೊತ್ತಾಗಲ್ಲ.

ತಮ್ಮ ಬಿದ್ದ ಅಂತ ಅಣ್ಣ ಹಾರಿದರೆ ಇಬ್ಬರೂ ಹೋಗುತ್ತಾರೆ. ಹಾರಬೇಡಿ. ಹಗ್ಗ, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಹೊಂಡ ಇರುವವರು ಸುತ್ತ ತಂತಿ ಬೇಲಿ ಹಾಕಿಸಿ, ಗಟ್ಟಿ ಗೂಟಕ್ಕೆ ಗಂಟು ಗಂಟಿನ ಹಗ್ಗ ಕಟ್ಟಿ ನೀರಿನೊಳಗೆ ಇಳಿಬಿಡಿ. ಹಾಳೆಗೆ ಹಾಕಿದ ದುಡ್ಡಿನ ಮುಂದೆ ಹಗ್ಗದ ಖರ್ಚು ಏನೇನೂ ಅಲ್ಲ.

ಮೇಲೆತ್ತಿದವರನ್ನು ತಲೆಕೆಳಗು ಮಾಡಿ ಹೊಟ್ಟೆ ಒತ್ತುವುದು ಬೇಡ. ಸುಮ್ನೆ ಸಮಯ ಹಾಳು, ವಾಂತಿ ಶ್ವಾಸನಾಳಕ್ಕೂ ಹೋಗಬಹುದು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಊದಿ. ಆಮೇಲೆ 30 ಸಲ ಎದೆ ಒತ್ತಿ, 2 ಸಲ ಊದಿ, ಹಾಗೇ ಮುಂದುವರಿಸಿ. ಪಕ್ಕದವರು 108ಕ್ಕೆ ಫೋನ್ ಮಾಡಲಿ.